ಮೂರನೇ ಸಾಲು

ಬೆಳಕು ಹರಿಯುವ ಮೊದಲು ಭಾಗೀರಥಿ ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆ ತುಂಬಿಸಿದಳು. ಹತ್ತು ಕಿಲೋ ರವೆ ಹುರಿದು ಆರಲು ಹರವಿದಳು. ಹುಳಿಪುಡಿ, ಸಾರಿನ ಪುಡಿ, ಕಾಫಿಪುಡಿಗಳ ಡಬ್ಬಿಗಳ ಬಾಯಿಗೆ ಬಟ್ಟೆ ಕಟ್ಟಿದಳು. ಮಿಡಿ ಉಪ್ಪಿನಕಾಯಿಯ ಭರಣಿ ಬಸ್ಸಿನಲ್ಲಿ ಉರುಳದ ಹಾಗೆ ಗೋಣಿ ಸುತ್ತಿದಳು. ಸ್ಟೌವಿನ ಪಿನ್ನುಗಳನ್ನು ಖಾಲಿ ಬೆಂಕಿಪೊಟ್ಟಣದೊಳಗೆ ಇಟ್ಟಳು. ದನಕ್ಕೆ ಹುಲ್ಲು ಹಾಕಿದಳು. ಅತ್ತೆಯ ಐದು ದಿನದ ಮಾತ್ರೆಗಳನ್ನು ಐದು ಪೊಟ್ಟಣ ಮಾಡಿ ಪಕ್ಕದ ಮನೆಯ ಪಾಪಮ್ಮನ ಕೈಗೆ ಕೊಟ್ಟು, ಯಾವುದು ಊಟಕ್ಕೆ ಮೊದಲು, ಯಾವುದು ನಂತರ ಎಂದು ಎರಡೆರಡು ಸಲ ಹೇಳಿದಳು. ಗಂಡನ ಪಂಚೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಕಾವಲಿ ಕಾಯಿಸಿ ದೋಸೆ ಹುಯ್ದಳು. ಮೊದಲನೆಯದು ಎಂದಿನಂತೆ ಹರಿಯಿತು. ಅದನ್ನು ಬಾಳೆಲೆಯ ಚೂರಿನ ಮೇಲೆ ಹಾಕಿ ಹಿತ್ತಿಲ ಗೋಡೆಯ ಮೇಲಿಟ್ಟು ಬಂದಳು. ಆಮೇಲೆ ಗಂಡನನ್ನು ಎಬ್ಬಿಸಿದಳು.

"ಬಸ್ಸು ಎಷ್ಟೊತ್ತಿಗೆ?" ಪರಮೇಶ್ವರ ಭಟ್ಟರು ಕಣ್ಣು ಬಿಡದೆ ಕೇಳಿದರು.

"ಆರಕ್ಕೆ. ಈಗ ಐದೂಕಾಲು."

"ಅಯ್ಯೋ, ಎಷ್ಟು ಕೆಲಸ ಬಿದ್ದಿದೆಯಲ್ಲೇ! ಮುಂಚೆ ಎಬ್ಬಿಸೋದಲ್ವಾ?"

ಮೂಡಿಗೆರೆಯ ಸುತ್ತ ಪರಮೇಶ್ವರ ಭಟ್ಟರ ಅಡುಗೆ ಎಂದರೆ ದೊಡ್ಡ ಹೆಸರು. ಹುಳಿಗೆ ಹದ ನೋಡುವವಳು ಯಾರು, ಹಿಂದಿನ ದಿನವೇ ಕಾಯಿ ತುರಿದಿಡುವವಳು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಊಟ ಮುಗಿಸಿ ಕೈ ತೊಳೆದವರು ಭಟ್ಟರ ಬೆನ್ನನ್ನೇ ತಟ್ಟುತ್ತಿದ್ದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸದಿಂದ ನಿವೃತ್ತರಾದ ಬಸವರಾಜಪ್ಪನವರು ಪ್ರತಿ ವರ್ಷ ಕಾಫಿ ಕುಯ್ಲು ಮುಗಿದು, ಗಿಡ ಅರಳಿಸುವ ಹೂಮಳೆ ಬೀಳುವ ಮುಂಚಿನ ಬಿಡುವಿನಲ್ಲಿ ತೋಟದ ಮನೆಗಳವರಿಗಾಗಿ ಒಂದು ಟೂರು ಹೊರಡಿಸುತ್ತಿದ್ದರು. ಹೊರಗಿನ ಊಟ ಆಗದ ಜನ. ಹಾಗಾಗಿ ಬಸ್ಸಿನ ಬೆನ್ನಿಗೆ ಪಾತ್ರೆ, ಸ್ಟೌ, ಅಕ್ಕಿಮೂಟೆ. ಹಿಂದಿನ ಸೀಟಿನಲ್ಲಿ ಭಟ್ಟರು ಮತ್ತು ಭಟ್ಟರ ಹೆಂಡತಿ.

ಹೀಗೆ ಭಾಗೀರಥಿ ದೇಶ ನೋಡಿದಳು. ನೋಡಿದಳು ಎಂದರೆ, ಇಂಡಿಯಾ ಗೇಟನ್ನು ಎರಡು ಸಲ ಬಸ್ಸಿನ ಹಿಂಬದಿಯ ಕಿಟಕಿಯಿಂದ, ಬೀನ್ಸಿನ ನಾರು ತೆಗೆಯುತ್ತಾ ನೋಡಿದಳು. ಅಷ್ಟೆತ್ತರದ ಕಲ್ಲಿನ ಮೇಲೆಲ್ಲ ಸತ್ತ ಸೈನಿಕರ ಹೆಸರುಗಳಿವೆ ಎಂದು ಹೋಗಿಬಂದವರು ಹೇಳಿದರು. ದೂರದಿಂದ ಅದು ಬರೀ ಕಲ್ಲಾಗಿತ್ತು. ಅಮೃತಸರದಲ್ಲಿ ಮಾತ್ರ ಅರ್ಧ ಗಂಟೆ ಸಿಕ್ಕಿತ್ತು. ಜಲಿಯನ್‌ವಾಲಾ ಬಾಗಿನ ಗೋಡೆಯಲ್ಲಿ ಗುಂಡಿನ ತೂತುಗಳನ್ನು ನೋಡಿದಳು. ಬಾವಿಯನ್ನು ಇಣುಕಿದಳು. ಗುಂಡು ಹಾರಿದ ಸಂಜೆ ಸತ್ತವರ ಮನೆಗಳಲ್ಲಿ ಒಲೆಯ ಮೇಲೆ ಏನಿತ್ತೋ, ಬೇಯಿಸಿದ್ದನ್ನು ಏನು ಮಾಡಿದರೋ ಎಂದುಕೊಂಡು ನಿಂತಿದ್ದಾಗ ಡ್ರೈವರ್ ನಾಗೇಶನ ಹಾರನ್ ಕೇಳಿಸಿತು. ನಾಗೇಶನದು ಒಂದು ಲೆಕ್ಕ. ಮೊದಲ ಹಾರನ್ ಎಂದರೆ ಹೊರಡಿ, ಎರಡನೆಯದು ಹತ್ತಿ, ಮೂರನೆಯದಕ್ಕೆ ಬಸ್ಸು ಹೊರಟಿತೆಂದೇ ಅರ್ಥ. ಭಾಗೀರಥಿ ಒಂದಕ್ಕೇ ಓಡಿಬಂದಿದ್ದಳು. ಕಾಫಿಗೆ ನೀರಿಡಬೇಕಿತ್ತು.

ಕಲ್ಲುಗಳ ಮೇಲಿನ ಹೆಸರುಗಳಲ್ಲಿ ಅವಳಿಗೆ ಬೇಕಾದದ್ದು ಒಂದೇ ಒಂದು.

ತಮ್ಮ ವಿಘ್ನೇಶ ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವನು. ಕಳಸದ ಹತ್ತಿರ ಅಪ್ಪ ಶಾಲೆಯ ಮೇಷ್ಟ್ರಾಗಿದ್ದರು. ವಿಘ್ನೇಶನಿಗೆ ಮಂತ್ರವೂ ಹತ್ತಲಿಲ್ಲ, ಲೆಕ್ಕವೂ ಹತ್ತಲಿಲ್ಲ. ಕುದುರೆಮುಖದ ಗಣಿಯಲ್ಲಿ ಕೆಲಸಕ್ಕೆ ಅಲೆದ, ಸಿಗಲಿಲ್ಲ. ಒಂದು ದಿನ ಮಂಗಳೂರಿಗೆಂದು ಹೋದವನು ಮಿಲಿಟರಿಗೆ ಸೇರಿ ಬಂದ. ಭಾಗೀರಥಿ ದೋಸೆ ಹುಯ್ಯುವಾಗ ಒಲೆಯ ಪಕ್ಕದ ಮಣೆ ಅವನದು. ಮೊದಲ ದೋಸೆ ಹರಿದು ಮುದ್ದೆಯಾಗಿ ಬಂದರೆ, "ಹರಕಲು ನಂದು, ಹಾಕೇ" ಎಂದು ತಟ್ಟೆ ಚಾಚುತ್ತಿದ್ದ. ಅಪ್ಪನಿಗೆ ಹರಕಲು ಬಡಿಸುವ ಹಾಗಿರಲಿಲ್ಲ; ಹೆಂಗಸರ ಸರದಿ ಬರುವ ಹೊತ್ತಿಗೆ ಅದು ತಣಿದು ಚಕ್ಕಳವಾಗಿರುತ್ತಿತ್ತು. ಬಿಸಿಬಿಸಿ ಹರಕಲಿಗೆ ಆಸೆಪಟ್ಟವನು ಅವನೊಬ್ಬನೇ.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ದೀಪಾವಳಿಯ ಆಸುಪಾಸು, ಶ್ರೀಲಂಕಾದಿಂದ ಸುದ್ದಿ ಬಂತು. ಶಾಂತಿ ಕಾಯುವುದಕ್ಕೆ ಹೋದ ಪಡೆಯಲ್ಲಿ ಅವನಿದ್ದ. "ಶಾಂತಿಗೆ ಹೋದವನು ಗುಂಡಿಗೆ ಹ್ಯಾಗೆ ಸಿಕ್ಕಿದ?" ಎಂದು ಅಮ್ಮ ಬಂದವರನ್ನೆಲ್ಲ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ದಹನ ಅಲ್ಲೇ ಆಗಿತ್ತು. ಬಂದದ್ದು ಒಂದು ಟ್ರಂಕು. ಅಪ್ಪ ದರ್ಭೆಯ ಬೊಂಬೆ ಮಾಡಿ ಕರ್ಮ ಮಾಡಿದರು. ತವರಿಗೆ ಬಂದಿದ್ದ ಭಾಗೀರಥಿ ಹದಿಮೂರು ದಿನವೂ ಬಂದವರಿಗೆ ಕಾಫಿ ಕಾಯಿಸಿದಳು, ಎಲೆ ಹಾಸಿದಳು, ಎಲೆ ತೆಗೆದಳು. ಅಳುವುದಕ್ಕೆ ಪುರಸೊತ್ತು ಆಗಲಿಲ್ಲ. ವೈಕುಂಠ ಸಮಾರಾಧನೆಯ ಸಂಜೆ, ಎಲ್ಲರೂ ಹೋದ ಮೇಲೆ, ಈಗ ಅಳಬಹುದು ಎಂದು ಕೂತರೆ ಅಳು ಬರಲಿಲ್ಲ. ಎದುರಿಗೆ ಏನಾದರೂ ಒಂದು ಬೇಕಿತ್ತು. ಮುಖವಿಲ್ಲ, ಬೂದಿಯಿಲ್ಲ. ಮಗಳಿಗೆ, ಅದೂ ಕೊಟ್ಟ ಹೆಣ್ಣಿಗೆ, ಪಿಂಡ ಇಡುವ ಅಧಿಕಾರವೂ ಇಲ್ಲ. ಮೂಡಿಗೆರೆಗೆ ವಾಪಸು ಬಂದ ಮರುದಿನದಿಂದ ಮೊದಲ ದೋಸೆಯನ್ನು ಹಿತ್ತಿಲ ಗೋಡೆಯ ಮೇಲೆ ಇಡತೊಡಗಿದಳು. ಕಾಗೆ ಬರುತ್ತಿತ್ತು. ಕಾಗೆಗಾದರೂ ಬಿಸಿ ಸಿಗಲಿ ಎಂದು ಬೇಗ ಇಡುತ್ತಿದ್ದಳು.

ಆಮೇಲೆ ಒಂದು ಕಾಗದ ಬಂತು. ನೀಲಗಿರಿಯಲ್ಲಿರುವ ರೆಜಿಮೆಂಟಿನ ಸ್ಮಾರಕದಲ್ಲಿ ಅವನ ಹೆಸರು ಕೆತ್ತಿಸಲಾಗಿದೆ ಎಂದು. ಅಮ್ಮ ಅದನ್ನು ದೇವರ ಮಣೆಯ ಕೆಳಗೆ ಇಟ್ಟುಕೊಂಡಳು.

ತೊಂಬತ್ತೈದರ ಟೂರು ಊಟಿ, ಕೂನೂರಿಗೆ ಹೋಯಿತು. ಭಾಗೀರಥಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು. ಬಸವರಾಜಪ್ಪನವರು ಒಪ್ಪಿ ಬಸ್ಸನ್ನು ಸ್ಮಾರಕದ ಹತ್ತಿರದ ಮೈದಾನದಲ್ಲಿ ನಿಲ್ಲಿಸಿದರು. ಆದರೆ ಸ್ಟೌವಿನ ಮೇಲೆ ಅನ್ನ ಕುದಿಯುತ್ತಿತ್ತು. "ನೀನು ಅನ್ನ ನೋಡು, ನಾನು ನೋಡ್ಕಂಡು ಬರ್ತೀನಿ," ಎಂದು ಭಟ್ಟರು ಉಳಿದವರ ಜೊತೆ ಹೋದರು. ಮುಕ್ಕಾಲು ಗಂಟೆಯ ಮೇಲೆ ಬಂದು, "ಇದೆ ಮಾರಾಯ್ತಿ, ಮೂರನೇ ಸಾಲಲ್ಲಿ ಇದೆ," ಎಂದರು.

ಮೂರನೇ ಸಾಲು. ಊರಿಗೆ ಬಂದವಳೇ ಕಳಸಕ್ಕೆ ಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ ಮತ್ತೆ ಮತ್ತೆ ಹೇಳಿಸಿಕೊಂಡಳು. "ಮೂರನೇದು ಅಂದ್ರೆ ಮೇಲೇ ಬಂತಲ್ವನೇ? ಕಣ್ಣಿಗೆ ಸಿಗೋ ಹಾಗೆ?" ನಾಲ್ಕು ವರ್ಷದ ನಂತರ ಕಣ್ಣು ಮುಚ್ಚುವಾಗಲೂ ಅಮ್ಮನ ಬಾಯಲ್ಲಿ ಆ ಸಾಲಿತ್ತು.

ಈಗ, ಎರಡು ಸಾವಿರದ ನಾಲ್ಕರಲ್ಲಿ, ಬಸ್ಸು ಮತ್ತೆ ಅದೇ ದಾರಿ ಹಿಡಿದಿತ್ತು. ಗುಂಡ್ಲುಪೇಟೆ ದಾಟಿದ ಮೇಲೆ ಹಿಂದಿನ ಸೀಟುಗಳಲ್ಲಿ ಮಾತು ಶುರುವಾಯಿತು. ಹಿರಿಯರಾದ ತಿಮ್ಮಮ್ಮ ಪ್ರತಿ ಟೂರಿನ ಗಿರಾಕಿ. ಪಕ್ಕದಲ್ಲಿ ಅವರ ಸೊಸೆ ಪ್ರೇಮಕುಮಾರಿ.

"ನಾಳೆ ನಮ್ಮ ಹುಡುಗನ್ನ ನೋಡೋಕೆ ಹೋಗ್ತೀವಿ ಅಲ್ವಾ ತಿಮ್ಮಮ್ಮಾರೇ," ಎಂದಳು ಭಾಗೀರಥಿ. "ಹೋದ ಸಲ ನೀವೆಲ್ಲ ನೋಡಿದ್ರಿ, ಮೂರನೇ ಸಾಲು."

"ಯಾವ ಸಾಲು?"

"ಸ್ಮಾರಕದ್ದು."

ತಿಮ್ಮಮ್ಮ ಬಾಯಿಯ ಎಲೆಅಡಿಕೆ ಒಂದು ಕಡೆಗೆ ಸರಿಸಿದರು. "ಅದೆಲ್ಲಿ ನೋಡಿದ್ವಿ ಭಟ್ರಮ್ಮ? ಅವತ್ತು ಗೇಟೇ ತೆಗ್ದಿರ್ಲಿಲ್ಲ. ಹೊರಗಿಂದ್ಲೇ ಕೈ ಮುಗ್ದ್ವಿ. ಆಮೇಲೆ ನಿಮ್ಮನೆಯವ್ರೇ ಅಲ್ವಾ ನಮ್ಮನ್ನೆಲ್ಲ ಐಸ್‌ಕ್ರೀಂ ಅಂಗಡಿಗೆ ಕರ್ಕಂಡು ಹೋಗಿದ್ದು? ನಂಗೆ ಗಂಟಲು ಕಟ್ಟಿ ಮೂರು ದಿನ ಮಾತೇ ಇರ್ಲಿಲ್ಲ."

"ಆ ಮೂರು ದಿನ ನಮಗೆಲ್ಲ ಭಾರಿ ಸುಖ ಇತ್ತು ಬಿಡಿ ಅತ್ತೆ," ಎಂದಳು ಪ್ರೇಮಕುಮಾರಿ. ಸುತ್ತಲಿನವರು ನಕ್ಕರು. ಭಾಗೀರಥಿ ಮಡಿಲಲ್ಲಿದ್ದ ಕ್ಯಾರೆಟ್ಟನ್ನು ನೋಡುತ್ತಾ ಕೂತಳು. ಅದರ ಸಿಪ್ಪೆ ಅರ್ಧ ತೆಗೆದಿತ್ತು.

ಊಟಿಯ ಛತ್ರದಲ್ಲಿ ಪಾತ್ರೆ ಇಳಿಸುವಾಗ ಗಂಡನನ್ನು ಕೇಳಿದಳು. "ಗೇಟು ಹಾಕಿತ್ತಂತೆ."

ಭಟ್ಟರು ಕೈಯಲ್ಲಿದ್ದ ಕೊಪ್ಪರಿಗೆ ಕೆಳಗಿಟ್ಟರು. "ಇಲ್ಲ ಅಂದ್ರೆ ನೀನು ಅಲ್ಲೇ ಅಳ್ತಾ ಕೂರ್ತಿದ್ದಿ. ನಲವತ್ತೆರಡು ಎಲೆ ಬಡಿಸೋದಿತ್ತಲ್ಲೇ."

"ಅಮ್ಮನಿಗೂ ಹಾಗೇ ಹೇಳಿದೆ ನಾನು."

"ಸಮಾಧಾನ ಆಯ್ತಲ್ಲ ಅವ್ರಿಗೆ? ಒಳ್ಳೇದೇ ಆಯ್ತು. ನಾಳೆ ನಿಲ್ಲಿಸ್ತಾರಲ್ಲ, ಊಟ ಆದ ಮೇಲೆ ನೋಡುವ."

ಭಟ್ಟರು ಕೆಟ್ಟವರಲ್ಲ. ಹೆಂಡತಿಗೆ ಕೈ ಎತ್ತಿದವರಲ್ಲ; ಸಂತೆಯಿಂದ ಬರುವಾಗ ಅವಳಿಗೆಂದು ಸೇವಂತಿಗೆ ತರುವುದನ್ನು ಮರೆತವರೂ ಅಲ್ಲ. ಅವಳ ಅಳುವನ್ನು ಊಟದ ಹೊತ್ತಿಗೆ ಅಡ್ಡ ಬರುವ ವಸ್ತುವೆಂದು ತಿಳಿದಿದ್ದರು, ಅಷ್ಟೇ. ಆ ರಾತ್ರಿ ಭಾಗೀರಥಿಗೆ ಗಂಡನ ಮೇಲೆ ಬಂದ ಸಿಟ್ಟಿಗಿಂತ ಒಂಬತ್ತು ವರ್ಷ ತಾನು ಹಂಬಲಿಸಿದ ಆ ಸಾಲೇ ಹೆಚ್ಚು ಕಾಡಿತು. ಮೂರನೇ ಸಾಲಿನಲ್ಲಿ ಯಾರಿದ್ದಾರೆ? ಅಮ್ಮ ಯಾರ ಮಗನನ್ನು ಅಷ್ಟು ವರ್ಷ ಹರಸಿದಳು?

ಮರುದಿನ ಬಸ್ಸು ಅದೇ ಮೈದಾನದಲ್ಲಿ ನಿಂತಿತು. ಯಾತ್ರಿಕರು ನೆರಳು ಹುಡುಕಿ ಕೂತರು. ಸ್ಮಾರಕ ಮೇಲಿನ ತಿರುವಿನಲ್ಲಿತ್ತು, ನಡೆದರೆ ಹತ್ತು ನಿಮಿಷ.

"ಮೊದ್ಲು ಊಟ ಆಗ್ಲಿ ಭಾಗೀರಥಮ್ಮ," ಎಂದರು ಬಸವರಾಜಪ್ಪನವರು. "ಆಮೇಲೆ ಟೈಮಿದ್ರೆ ಎಲ್ಲರೂ ಹೋಗಿ ಬರುವ. ಸಂಜೆ ಒಳಗೆ ಘಾಟಿ ಇಳೀಬೇಕು ನೋಡಿ."

ಊಟದ ಮೇಲೆ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಊಟದ ಮೇಲೆ ಎಲೆ, ಎಲೆಯ ಮೇಲೆ ಪಾತ್ರೆ, ಪಾತ್ರೆ ತೊಳೆದು ಕಟ್ಟುವಷ್ಟರಲ್ಲಿ ಹಾರನ್. ಹುಳಿಗೆ ಒಗ್ಗರಣೆ ಹಾಕಿ ಮುಚ್ಚಿದಳು. ಅನ್ನ ಒಂದು ಕುದಿ ಬಂದಿತ್ತು. ಸಟ್ಟುಗವನ್ನು ಗಂಡನ ಕೈಗೆ ಕೊಟ್ಟಳು.

"ನೀವು ಅನ್ನ ನೋಡಿ. ನಾನು ನೋಡ್ಕೊಂಡು ಬರ್ತೀನಿ."

"ಏ, ಇವ್ಳೇ... ಬಸಿಯೋದು ಯಾವಾಗ?"

"ಅಗುಳು ಹಿಸುಕಿ ನೋಡಿ. ಗೊತ್ತಾಗ್ತದೆ. ಎಲ್ಲರೂ ನಿಮ್ಮ ಅಡುಗೆ ಅಂತಾರಲ್ಲ."

ಹಿಂದಿನಿಂದ ತಿಮ್ಮಮ್ಮ ನಕ್ಕದ್ದು ಕೇಳಿಸಿತು. ತಿರುಗಿ ನೋಡದೆ ನಡೆದಳು.

ಗೇಟಿನಲ್ಲಿದ್ದ ಸೈನಿಕ ಅವಳ ಮಾತು ಅರ್ಥವಾಗದೆ ಒಳಗೆ ಯಾರನ್ನೋ ಕೇಳಲು ಹೋದ. ಮೈದಾನದಲ್ಲಿ ಊಟ ಮುಗಿಯುವಷ್ಟು ಹೊತ್ತು ಕಾಯಿಸಿದರು. ಕೊನೆಗೆ ಒಂದು ಪುಸ್ತಕ ಮುಂದಿಟ್ಟರು. ಹೆಸರು, ಊರು, ಸಂಬಂಧ. ಭಾಗೀರಥಿ, ಮೂಡಿಗೆರೆ, ಅಕ್ಕ ಎಂದು ಬರೆದಳು. ಬರೆದ ಮೇಲೆ ಅದನ್ನೇ ಒಮ್ಮೆ ಓದಿದಳು.

ಕಪ್ಪು ಕಲ್ಲಿನ ಹಲಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹೆಸರುಗಳು ಇಂಗ್ಲಿಷಿನಲ್ಲಿದ್ದವು. ಮೇಷ್ಟ್ರ ಮಗಳು, ಅಕ್ಷರ ಕೂಡಿಸಿ ಓದಬಲ್ಲಳು. ಇಸವಿ ನೋಡುತ್ತಾ ಹೋಗಿ ಎಂಬತ್ತೇಳರ ಹಲಗೆಯ ಮುಂದೆ ನಿಂತಳು. ಗೊತ್ತಿದ್ದೂ ಮೊದಲು ಮೂರನೇ ಸಾಲಿಗೇ ಬೆರಳಿಟ್ಟಳು. ಅಲ್ಲಿ ಅವನಿರಲಿಲ್ಲ. ನಾಲ್ಕು, ಐದು, ಆರು. ಮೈದಾನದ ಕಡೆಯಿಂದ ಮೊದಲ ಹಾರನ್ ಕೇಳಿಸಿತು. ಎದೆಮಟ್ಟಕ್ಕೆ ಬಂದರೂ ಸಿಗಲಿಲ್ಲ, ಸೊಂಟದ ಮಟ್ಟಕ್ಕೂ ಸಿಗಲಿಲ್ಲ. ಸೀರೆ ಎತ್ತಿ ಕಟ್ಟಿ, ಈಳಿಗೆಮಣೆಯ ಮುಂದೆ ಕೂರುವ ಹಾಗೆ ಕುಕ್ಕುರುಗಾಲಿನಲ್ಲಿ ಕೂತಳು. ಕೆಳಗಿನಿಂದ ಎರಡನೇ ಸಾಲಿನಲ್ಲಿ ಅವನಿದ್ದ, ಮೊಣಕಾಲಿನ ಎತ್ತರದಲ್ಲಿ. ನಿಂತು ನೋಡುವವರ ಕಣ್ಣಿಗೆ ಬೀಳುವ ಜಾಗವೇ ಅಲ್ಲ.

ಅಕ್ಷರಗಳ ತಗ್ಗಿನಲ್ಲಿ ಧೂಳು ಕೂತಿತ್ತು. ಸೆರಗಿನಿಂದ ಒರೆಸಿದಳು. ಸೆರಗು ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು. ಅವನೆದುರಿಗೆ ಬರಿಗೈಯಲ್ಲಿ ಬಂದದ್ದು ಇದೇ ಮೊದಲು. ಅವನಿದ್ದಿದ್ದರೆ ಹರಕಲು ಎಲ್ಲೇ ಎಂದು ಕೇಳುತ್ತಿದ್ದ. "ಇಲ್ಲ ಕಣೋ," ಎಂದಳು, ಜೋರಾಗಿಯೇ. "ಇವತ್ತು ನಾನೊಬ್ಳೇ ಬಂದೆ."

ಆಗ ಅಳು ಬಂತು, ಹದಿನಾರು ವರ್ಷ ತಡವಾಗಿ. ಅದು ನಿಲ್ಲುವ ಮೊದಲೇ ಎರಡನೇ ಹಾರನ್ ಆಯಿತು. ಕಾಲುಗಳು ತಾವಾಗಿಯೇ ಏಳಲು ಹವಣಿಸಿದವು, ಅವಕ್ಕೆ ರೂಢಿಯಾಗಿತ್ತು. ಎದ್ದು ಎರಡು ಹೆಜ್ಜೆ ಹಾಕಿದಳು. ಬಸ್ಸು ಹತ್ತಿದರೆ ಊರಿನಲ್ಲಿ ಅತ್ತೆಯಿದ್ದಾರೆ, ಸಂಜೆಯ ಕಾಫಿಯಿದೆ, ತೊಳೆಯದ ಪಾತ್ರೆಗಳಿವೆ. ಹತ್ತದಿದ್ದರೂ ಇಲ್ಲಿಂದ ಮೈಸೂರಿಗೆ ಬಸ್ಸುಗಳಿರುತ್ತವೆ, ಅಲ್ಲಿಂದ ಮೂಡಿಗೆರೆಗೂ ಇರುತ್ತವೆ; ಬೋರ್ಡು ಓದಲು ಅವಳಿಗೆ ಬರುತ್ತದೆ. ಆ ಲೆಕ್ಕವನ್ನು ಇಷ್ಟು ವರ್ಷ ತಾನು ಹಾಕಿರಲೇ ಇಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಮೂರನೇ ಹಾರನ್ ಉದ್ದಕ್ಕೆ ಕೇಳಿಸಿತು, ಬೆಟ್ಟಕ್ಕೆ ಬಡಿದು ಮರಳಿತು.

ಭಾಗೀರಥಿ ಕಲ್ಲಿನ ಮುಂದಕ್ಕೆ ವಾಪಸು ಬಂದಳು. ಸೆರಗಿನ ತುದಿಗೆ ಉಗುಳು ಹಚ್ಚಿ, ಕತ್ತೆತ್ತಿ, ಅಮ್ಮ ಹರಸಿದ ಮೂರನೇ ಸಾಲಿನ ಮೊದಲ ಹೆಸರನ್ನು ಒರೆಸಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ ಓದತೊಡಗಿದಳು.