ರೇಷ್ಮಾಳ ಹೆಸರಿದ್ದ ಹಾಳೆ

ಗೆಳತಿ ರೇಷ್ಮಾಳ ಪ್ರಶ್ನೆ ವಿಜ್ಞಾನ ಮಾಸಪತ್ರಿಕೆಯಲ್ಲಿ ಅಚ್ಚಾಗಿತ್ತು. ಆ ಹಾಳೆಯನ್ನು ಹರಿದು ಬಚ್ಚಿಟ್ಟವಳು ನಾನು. ಯಾರಿಗೂ ಹೇಳಿರಲಿಲ್ಲ. ಇವತ್ತು ಬಟ್ಟೆ ತುಂಬಲು ಟ್ರಂಕು ತೆರೆದಾಗ, ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ಅದು ಸಿಕ್ಕಿತು, ಡಾಂಬರ್ ಗುಳಿಗೆಯ ವಾಸನೆ ಹಿಡಿದು.

ಆಗ ನಾವಿಬ್ಬರೂ ಮುದ್ದೇಬಿಹಾಳದ ಶಾಲೆಯಲ್ಲಿ ಏಳನೆಯ ತರಗತಿ. ಒಂದು ದಿನ ಕಾಲುವೆಯ ಮೆಟ್ಟಿಲ ಮೇಲೆ ನೀರಿನಲ್ಲಿ ನಿಂತಿದ್ದಾಗ ನಾನೇ ಮೊದಲು ನಕ್ಕೆ.

“ಏ ರೇಷ್ಮಾ, ನಿನ್ನ ಕಾಲು ಗಿಡ್ಡ ಆಗ್ಯಾವ ನೋಡ!”

ಅವಳು ನಗಲಿಲ್ಲ. “ಯಾಕ ಹಂಗ ಕಾಣ್ತಾವ?” ಅಂದಳು. ಅದನ್ನೇ ಪತ್ರಿಕೆಗೆ ಬರೆದು ಕಳಿಸಿದಳು.

ಶಾಲೆಗೆ ಬಂದ ಪ್ರತಿ ಸಂಚಿಕೆಗೂ ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ ಹೊಲಿಯುವ ಕೆಲಸ ನನ್ನದು. ಆಮೇಲೆಯೇ ಅದು ಉಳಿದವರ ಕೈಗೆ ಹೋಗುತ್ತಿತ್ತು. ಹೊಲಿಯುವಾಗ ಅವಳ ಹೆಸರು ಕಂಡಿತು. ನೀರಿನಲ್ಲಿ ಕಾಲು ಗಿಡ್ಡ ಕಂಡದ್ದನ್ನು ಮೊದಲು ನೋಡಿದವಳು ನಾನು, ಹೆಸರು ಮಾತ್ರ ಅವಳದು. ಹೊಟ್ಟೆ ಉರಿದುಹೋಯಿತು.

“ಬಂತೇನ?” ಎಂದು ಪ್ರತಿ ತಿಂಗಳೂ ಕೇಳುತ್ತಿದ್ದಳು.

“ಇಂಥಾ ಪ್ರಶ್ನೆ ಯಾರ ಹಾಕ್ತಾರವಾ?” ಎನ್ನುತ್ತಿದ್ದೆ.

“ಮುಂದಿನ ತಿಂಗಳ ಬರ್ತೈತಿ, ತಡಿ,” ಎಂದು ಗುರುಗಳು ಅವಳನ್ನು ಸಮಾಧಾನ ಮಾಡುತ್ತಿದ್ದರು. ಕಡೆಗೆ ಅವಳು ಕೇಳುವುದನ್ನೇ ಬಿಟ್ಟಳು.

ನಾನು ಹತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟೆ. ಅವಳೀಗ ಬಿ.ಎಸ್ಸಿ. ಓದುತ್ತಿದ್ದಾಳೆ. ಹೊಟ್ಟೆಯುರಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಅವಳ ಪ್ರಶ್ನೆಗೆ ಬಂದ ಉತ್ತರ ನನಗೆ ಬಾಯಿಪಾಠವಾಗಿದೆ. ಅವಳು ಅದನ್ನು ಓದಿಯೇ ಇಲ್ಲ.

ಸಂಜೆ ಹಾಳೆಯನ್ನು ಅವಳ ಅಮ್ಮಿಯ ಕೈಗೆ ಕೊಟ್ಟೆ.

“ಕುಂದ್ರವಾ, ಆಕಿ ಬರೂತನಕ ಚಾ ಕುಡಿ,” ಅಂದರು.

ಕೂಡಲು ಧೈರ್ಯವಾಗಲಿಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೊರಡುತ್ತೇನೆ.