ತಲೆಕಟ್ಟಿಲ್ಲದ ಹಕಾರ

ಗುರುಪಾದಪ್ಪನವರ ಹುಬ್ಬು ಬೆಳ್ಳಗಿದ್ದದ್ದು ವಯಸ್ಸಿನಿಂದಲ್ಲ, ಕಲ್ಲಿನ ಪುಡಿಯಿಂದ. ವುಡ್‌ಬ್ರಿಡ್ಜ್ ಎಂಬ ಪರದೇಶದ ಊರಿನಲ್ಲಿ ಸಮಾಧಿಕಲ್ಲು ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅವರು ಅಕ್ಷರ ಕೆತ್ತುತ್ತಿದ್ದರು. ಶನಿವಾರ ಮಧ್ಯಾಹ್ನ ಶಿಫ್ಟು ಮುಗಿಸಿ ನೇರವಾಗಿ ನಮ್ಮ ಕನ್ನಡ ಕ್ಲಾಸಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂರುವರು. ಟೋಪಿ ತೆಗೆದರೆ ತಲೆ ಕಪ್ಪು, ಹುಬ್ಬು ಬಿಳಿ. ಮಕ್ಕಳು ಮೊದಮೊದಲು ನಕ್ಕರು. ಆಮೇಲೆ ಬೋರ್ಡು ಬಿಟ್ಟು ಅವರ ಕಡೆಗೇ ತಿರುಗಿ ಕೂರತೊಡಗಿದರು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ಹೇಗೂ ಗೊತ್ತಾಗುವ ವಿಷಯ.

ಕ್ಲಾಸು ನನ್ನದು. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವಳು ಈಗ ಇಲ್ಲೇ ವಾನ್‌ನಲ್ಲಿ ವಾರವಿಡೀ ಸಾಫ್ಟ್‌ವೇರಿನ ತಪ್ಪು ಹುಡುಕುತ್ತೇನೆ, ಶನಿವಾರ ಮಕ್ಕಳ ಕಾಗುಣಿತದ ತಪ್ಪು ಹುಡುಕುತ್ತೇನೆ. ಎರಡಕ್ಕೂ ಕೆಂಪು ಪೆನ್ನು ಒಂದೇ. ನಿಮಗೇನು ಬೇಕಾಗಿತ್ತು ಇಲ್ಲಿ ಎಂದು ಒಮ್ಮೆ ಕೇಳಿದ್ದಕ್ಕೆ, "ಏನಿಲ್ರಿ ಅಕ್ಕೋರ, ವಾರ ಪೂರ್ತಿ ಕಲ್ಲಿನ ಸಪ್ಪಳ. ಒಂದ್ ತಾಸು ಕನ್ನಡ ಕಿವಿಗೆ ಬೀಳಲಿ ಅಂತ ಬರತೇನಿ" ಎಂದರು. ಅವರ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಊರು ಇಳಕಲ್ಲಿನ ಹತ್ತಿರ. "ಇಲ್ಲಿಗೆ ಬರೂ ಕೆಂಪು ಕಲ್ಲು ನಮ್ಮ ಇಳಕಲ್ಲದ್ದ ರೀ. ನನಕಿಂತ ಮೊದಲ ಬಂದು ನನ್ನ ದಾರಿ ಕಾಯಕೋತ ಕುಂತಿತ್ತು" ಎಂದು ನಗುವರು.

ಇಂಥವರಿಗೆ ಲ್ಯಾಟಿನ್ ಬರುತ್ತಿತ್ತು. ಇಟಲಿಯ ಮನೆತನಗಳ ಕಲ್ಲುಗಳ ಮೇಲೆ ಒಮ್ಮೊಮ್ಮೆ ಲ್ಯಾಟಿನ್ ಸಾಲು ಕೆತ್ತಬೇಕಾಗುತ್ತದೆ. "ತಿಳೀಲಾರದ ಅಕ್ಷರ ಕಡಿಯೂದಂದ್ರ ಕಣ್ಣು ಕಟ್ಟಿ ಮುಳ್ಳು ತಗದಂಗ" ಎಂಬುದು ಅವರ ವಾದ. ಹೆಂಡತಿಯ ಕಲ್ಲು ಮಾಡಿಸಲು ಬಂದಿದ್ದ ಒಬ್ಬ ನಿವೃತ್ತ ಲ್ಯಾಟಿನ್ ಮೇಷ್ಟ್ರನ್ನು ಹಿಡಿದುಕೊಂಡು, ಊಟದ ಬಿಡುವಿನಲ್ಲಿ ನಾಲ್ಕು ವರ್ಷ ಕಲಿತರಂತೆ. ಕೊನೆಗೆ ಇಬ್ಬರೂ ಸೇರಿ ರೋಮನ್ನರ ಒಂದು ಮಹಾಕಾವ್ಯವನ್ನೇ ಓದಿ ಮುಗಿಸಿದರಂತೆ.

ಒಂದು ಶನಿವಾರ ನಾನು ಕರ್ತವ್ಯ ಎಂಬ ಪದ ವಿವರಿಸುತ್ತಿದ್ದೆ. ಮಕ್ಕಳ ಕಣ್ಣು ಮೊಬೈಲಿನಲ್ಲಿತ್ತು. ಹಿಂದಿನಿಂದ ಗುರುಪಾದಪ್ಪ, "ಅಕ್ಕೋರ, ಆ ರೋಮನ್ನರ ಕಾವ್ಯದಾಗಿಂದು ಎರಡು ಮಾತು ಹೇಳ್ಲ್ಯಾ?" ಎಂದರು. ಬೇಡ ಅನ್ನುವುದು ಹೇಗೆ?

"ಊರಿಗೆ ಬೆಂಕಿ ಬಿದ್ದೈತಿ. ಒಬ್ಬಾವ ಓಡಾಕತ್ಯಾನ. ಹೆಗಲ ಮ್ಯಾಲ ಮುದುಕ ಅಪ್ಪ. ಅಪ್ಪನ ಕೈಯಾಗ ಮನಿದೇವ್ರು. ಇವನ ಬೆರಳು ಹಿಡದು ಸಣ್ಣ ಮಗ. ಹಿಂದ ಹೆಂಡ್ತಿ. ಹೊಸಾ ನಾಡು ಕಟ್ಟೂದು ನಿನ್ನ ಪಾಲಿಗೆ ಬಂದೈತಿ ಅಂತ ದೇವ್ರ ಮಾತಾಗೇತಿ. ಹೋಗಾಕ ಮನಸಿಲ್ಲ, ಆದ್ರೂ ಹೊಂಟಾನ."

ಹದಿನಾರು ಮಕ್ಕಳೂ ತಲೆಯೆತ್ತಿದ್ದರು. ನನ್ನ ಮಗಳು ಮೇಧಾ ಮಾತ್ರ ಕೈಯೆತ್ತಿದಳು. ಹನ್ನೊಂದನೇ ಗ್ರೇಡಿನವಳು, ನನ್ನ ಬಲವಂತಕ್ಕೆ ಕ್ಲಾಸಿಗೆ ಬಂದು ಮೂಲೆಯಲ್ಲಿ ಕೂತಿರುತ್ತಿದ್ದವಳು. "ವಾಟ್ ಅಬೌಟ್ ಹಿಸ್ ವೈಫ್? ಡಿಡ್ ಹೀ ನೆವರ್ ಲುಕ್ ಬ್ಯಾಕ್?" ಹೆಂಡತಿ ಹಿಂದೆ ಇದ್ದಾಳೋ ಇಲ್ಲವೋ ಎಂದು ಅವನು ತಿರುಗಿ ನೋಡಲೇ ಇಲ್ಲವಾ ಎಂದು ಅವಳ ಪ್ರಶ್ನೆ.

"ಅದನ್ನ ಕೇಳಬೇಕವಾ ತಂಗಿ. ನಾಕು ವರ್ಷ ಓದಿದ್ರೂ ನನಗ ಹೊಳೀಲಿಲ್ಲ ನೋಡು" ಎಂದರು ಗುರುಪಾದಪ್ಪ.

ಅಲ್ಲಿಗೆ ಮುಗಿಯಿತು. ಅಂದಿನಿಂದ ಭಾನುವಾರ ಬೆಳಗ್ಗೆ ಕಾಫಿ ಅಂಗಡಿಯಲ್ಲಿ ಇವರಿಬ್ಬರ ಕಾವ್ಯಪಾಠ, ಅದೂ ಕನ್ನಡದಲ್ಲಿ. ನಾನೇ ಕಾರಿನಲ್ಲಿ ಬಿಟ್ಟು ಬರಬೇಕು, ನಾನೇ ಕರೆತರಬೇಕು. ಹದಿನಾರು ವರ್ಷ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಮಗಳು, ಒಂದು ಸಂಜೆ ಫ್ರಿಜ್ಜಿಗೆ ಒರಗಿ ನಿಂತು "ಅಮ್ಮಾ, ಊಟಕ್ಕ ಏನ್ ಮಾಡೀದಿ?" ಎಂದಳು. ಬಂತಲ್ಲ ಕನ್ನಡ ಎಂದು ನನ್ನ ಗಂಡ ಹಿಗ್ಗಿದರು. ನನಗೆ ಮೈಯೆಲ್ಲ ಉರಿಯಿತು. ಹೆತ್ತವಳು ನಾನು, ತಿದ್ದಿದವಳು ನಾನು, ಬಾಯಿ ಬಿಟ್ಟರೆ ಇಳಕಲ್ಲು.

ಮುಂದಿನ ಡಿಕ್ಟೇಷನ್ನಿನಲ್ಲಿ "ಮನೆಯ ಹೊಣೆ ನನ್ನದು" ಎಂಬ ವಾಕ್ಯ ಕೊಟ್ಟೆ. ಮೇಧಾ "ಮನೆಯ ಹಣೆ ನನ್ನದು" ಎಂದು ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ, ಬೇಕಿದ್ದಕ್ಕಿಂತ ದೊಡ್ಡದೇ ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಆ ಸುತ್ತಿನ ಪಕ್ಕದಲ್ಲಿ, ಕಲ್ಲಿನ ಮೇಲೆ ಗುರುತು ಹಾಕುವ ದಪ್ಪ ಪೆನ್ಸಿಲಿನಲ್ಲಿ, "ತಪ್ಪಲ್ಲ" ಎಂದಿತ್ತು.

ಮರುದಿನವೇ ವರ್ಕ್‌ಶಾಪಿಗೆ ಹೋದೆ. ಪುಸ್ತಕವನ್ನು ಅವರ ಮುಂದಿಟ್ಟು, "ನನ್ನ ಕ್ಲಾಸಿನ ಪುಸ್ತಕ ತಿದ್ದೋಕೆ ನಿಮಗೆ ಯಾರು ಹೇಳಿದ್ರು?" ಎಂದೆ.

ಅವರು ಉಳಿ ಕೆಳಗಿಟ್ಟು ಕೈ ಒರೆಸಿಕೊಂಡರು. "ತಪ್ಪಾತ್ರಿ ಅಕ್ಕೋರ. ಪುಸ್ತಕದಾಗ ಬರೀಬಾರದಿತ್ತು. ಆದ್ರ ಆಕಿ ಬರದದ್ದು ನೋಡ್ರಿ. ಹಣಿ ಅಂದ್ರ ನಮ್ಮ ವಿಧಿ, ಬರದದ್ದು. ರೋಮನ್ನರ ಮಾತಿನಾಗ ವಿಧಿ ಅಂದ್ರ ಬರದದ್ದಲ್ಲ, ಆಡಿದ್ದು. ದೇವ್ರು ಒಮ್ಮೆ ಆಡಿದ್ರ ಮುಗೀತು. ಹಣೀದು ನಮಗ ಕಾಣೂದಿಲ್ಲ. ಹೊಣಿ ಹೆಗಲ ಮ್ಯಾಲಿಂದು, ಅದರ ಭಾರ ಗೊತ್ತಾಗತೈತಿ. ಆ ಕಾವ್ಯದಾವ ಮಾಡಿದ್ದು ಇಷ್ಟ ರೀ: ಹಣಿಯಾಗಿದ್ದದ್ದನ್ನ ಹೊಣಿ ಮಾಡಕೊಂಡ. ನಿಮ್ಮ ಮಗಳು ಒಂದ್ ಅಕ್ಷರದಾಗ ಹೇಳಿದ್ಲು."

ಅವರ ಮಾತು ಸರಿ ಅನ್ನಿಸಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಆ ಕಥೆಯಲ್ಲಿ ನಿಮ್ಮ ದೇವರುಗಳೇನು ಸುಮ್ಮನೆ ನೋಡ್ತಾ ಕೂತಿದ್ರಾ?" ಎಂದೆ.

"ಎಲ್ಲಿ ಸುಮ್ಮನ ರೀ? ದೇವರ ರಾಣಿ ಅದಾಳ. ಅವನ ಮಂದಿ ಮ್ಯಾಲ ಆಕಿಗೆ ಹಳೇ ಹೊಟ್ಟಿಕಿಚ್ಚು. ವಿಧಿ ತಪ್ಪಸಾಕ ಆಗೂದಿಲ್ಲ ಅಂತ ಗೊತ್ತಿದ್ದೂ ಬಿರುಗಾಳಿ ಎಬ್ಬಸತಾಳ. ತಡ ಮಾಡಾಕ ಬರತೈತಿ, ತಪ್ಪಸಾಕ ಬರೂದಿಲ್ಲ" ಎಂದು ನನ್ನ ಮುಖ ನೋಡದೆ ಉಳಿ ಕೈಗೆತ್ತಿಕೊಂಡರು.

ಕಳೆದ ಅಕ್ಟೋಬರಿನಲ್ಲಿ ಇಳಕಲ್ಲಿನಿಂದ ಅವರ ಮಗಳು ಫೋನು ಮಾಡಿದಳು. ಹೆಂಡತಿ ತೀರಿಕೊಂಡ ಮೇಲೆ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದ ಮಗಳು. ದೊಡ್ಡವಳಾದ ಮೇಲೆ ಅಪ್ಪನ ಜೊತೆ ಮಾತೇ ಬಿಟ್ಟಿದ್ದಳು. ಈಗ ಅವಳಿಗೆ ಕಾಲು ಮುರಿದು, ನಡೆಯಲು ತಿಂಗಳುಗಟ್ಟಲೆ ಆಗಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಬಾ ಎಂದು ಅವಳು ಕರೆಯಲೂ ಇಲ್ಲ, ಇಷ್ಟನ್ನಷ್ಟೇ ಹೇಳಿದಳಂತೆ. ಇವರು ನಾಲ್ಕನೇ ದಿನಕ್ಕೆ ಟಿಕೆಟ್ ತೆಗೆಸಿದರು. ಕಾವ್ಯದ ಕೊನೆಯ ಭಾಗ ಇನ್ನೂ ಉಳಿದಿತ್ತು. ಮೇಧಾ ಬಾಗಿಲು ಹಾಕಿಕೊಂಡು ಕೂತಳು, ಕಳಿಸಲು ಬರಲಿಲ್ಲ. ವಿಮಾನ ನಿಲ್ದಾಣಕ್ಕೆ ಬಿಟ್ಟವಳು ನಾನೇ.

ಇಳಿಯುವಾಗ ಅವರು ಕೋಟಿನ ಜೇಬಿನಿಂದ ಹಳೆ ಟವೆಲ್ಲಿನಲ್ಲಿ ಸುತ್ತಿದ್ದ ಒಂದು ಗಂಟು ತೆಗೆದರು. ಒಳಗೆ ಅಂಗೈಯಗಲದ ಕೆಂಪು ಕಲ್ಲು. "ಮೇಧಾವ್ವಗ ಕೊಡ್ರಿ" ಎಂದರು. ಕಾರಿನ ಬಾಗಿಲು ಹಿಡಿದುಕೊಂಡು, "ಮಗಳು ಮಾತಾಡದ ಮನಿ ಹೆಂಗಿರತೈತಿ ಅಂತ ನನಗ ಗೊತ್ತೈತ್ರಿ ಅಕ್ಕೋರ. ನಿಮ್ಮಾಕಿ ಭಾನುವಾರ ಅರ್ಧ ತಾಸು ನಿಮ್ಮ ಸುದ್ದೀನ ಹೇಳತಿದ್ಲು" ಎಂದರು. ಬಿಳಿ ಹುಬ್ಬು ಅಂದು ತೊಳೆದುಕೊಂಡು ಕಪ್ಪಾಗಿತ್ತು. ಹಿಂದಿರುಗಿ ನೋಡದೆ ಒಳಗೆ ಹೋದರು.

ನಾನು ಆ ಗಂಟನ್ನು ಕಾರಿನ ಡಿಕ್ಕಿಯಲ್ಲಿ, ಹಿಮ ಕೆರೆಯುವ ಬ್ರಷ್ಷಿನ ಅಡಿಯಲ್ಲಿ ಇಟ್ಟೆ. ಮೇಧಾ ದಿನವೂ ಅವರನ್ನು ಬೈಯುತ್ತಿದ್ದಳು: ತನಗೆಂದು ಒಂದು ಮಾತನ್ನೂ ಇಟ್ಟು ಹೋಗಲಿಲ್ಲ, ಆ ಕಥೆಯವನ ಹಾಗೇ ಬಿಟ್ಟು ಹೋದರು ಎಂದು. ಸುಳ್ಳೇಕೆ ಹೇಳಲಿ, ಕೇಳಲು ಹಿತವಾಗಿತ್ತು. ಹೀಗೆ ಹನ್ನೊಂದು ದಿನ. ಹನ್ನೆರಡನೆಯ ದಿನ ತಟ್ಟೆಯ ಮುಂದೆ ಕೂತವಳು ಬೈಯಲಿಲ್ಲ. "ಅಮ್ಮಾ, ನಾನೇನರ ತಪ್ಪು ಮಾಡೇನೇನು?" ಎಂದಳು. ಎದ್ದು ಹೋಗಿ ಗಂಟು ತಂದು ಅವಳ ಮುಂದಿಟ್ಟೆ.

"ಯಾವಾಗ ಕೊಟ್ರು?"

"ಹೋದ ದಿನವೇ. ನಾನು ಬಚ್ಚಿಟ್ಟಿದ್ದೆ."

"ಯಾಕ?"

"ಹೊಟ್ಟೆಕಿಚ್ಚು."

ಅವಳು ನನ್ನನ್ನೇ ನೋಡಿದಳು. ಟವೆಲ್ಲು ಬಿಡಿಸಿದಳು. ಕಲ್ಲಿನ ಮೇಲೆ ಎರಡು ಅಕ್ಷರ. ಎರಡನೆಯದು ಣೆ, ಪೂರ್ತಿ ಕೆತ್ತಿದ್ದು. ಮೊದಲನೆಯದು ಹಕಾರದ ಹೊಟ್ಟೆ ಮಾತ್ರ. ಮೇಲೆ ತಲೆಕಟ್ಟಿಲ್ಲ, ಅಲ್ಲಿ ಕಲ್ಲು ನುಣ್ಣಗೆ ಖಾಲಿ. ತಲೆಕಟ್ಟು ಕೊಟ್ಟರೆ ಹಣೆ. ಒತ್ವ ಕೊಟ್ಟರೆ ಹೊಣೆ.

ಮೇಧಾ ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಡಿಕ್ಟೇಷನ್ ಪುಸ್ತಕ ತಂದು, ಕೊನೆಯ ಪುಟ ತೆರೆದು, ನನ್ನ ಕೆಂಪು ಪೆನ್ನನ್ನು ನನ್ನ ಕೈಗೇ ಕೊಟ್ಟಳು. "ಒತ್ವ ನನಗ ಇನ್ನೂ ಸರಿಯಾಗಿ ಬರೂದಿಲ್ಲ. ನಿಧಾನ ಬರದು ತೋರಿಸಮ್ಮಾ."

ಬರೆದು ತೋರಿಸಿದೆ. ಸಾವಿರ ಕಲ್ಲು ಕೆತ್ತಿದ ಮನುಷ್ಯ ಒಂದು ಒತ್ವ ಬಿಟ್ಟು ಹೋದದ್ದು ನಮ್ಮಿಬ್ಬರಿಗಾಗಿ ಎಂದು ಆಗ ಹೊಳೆಯಿತು. ಅಷ್ಟು ಬುದ್ಧಿ ನನಗೆ ಯಾಕೆ ಬರಲಿಲ್ಲ ಎಂದು, ಅಲ್ಲಿ ಕೂತಲ್ಲೇ, ಮತ್ತೆ ಹೊಟ್ಟೆ ಉರಿಯಿತು.