ಆರನೇ ದಿನದ ಗುಳ್ಳೆ

ಹೊಲಿಗೆ ಕಾರ್ಖಾನೆಯ ಹಿಂಬದಿಯಲ್ಲಿ ಮಕ್ಕಳ ಕೋಣೆ. ಹನ್ನೊಂದು ಮಕ್ಕಳು, ಒಂದು ಚಾಪೆ, ಒಂದು ಫ್ಯಾನು, ಒಬ್ಬಳು ದೊಡ್ಡಮ್ಮ. ಅವಳು ಯಾರಿಗೂ ದೊಡ್ಡಮ್ಮನಲ್ಲ. ಹೆತ್ತ ಮಕ್ಕಳೂ ಇಲ್ಲ. ಆದರೆ ಸೂಪರ್‌ವೈಸರ್ ಕೂಡ ಹಾಗೇ ಕರೆಯುತ್ತಿದ್ದ. ತಾಯಂದಿರು ಮಷೀನಿನ ಮುಂದೆ ಕೂತಿರುವಷ್ಟು ಹೊತ್ತು ಮಕ್ಕಳ ಮೂಗು ಒರೆಸಿ, ಅಂಡು ತೊಳೆದು, ತಟ್ಟಿ ಮಲಗಿಸುವುದು ಅವಳ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿದಳು.

ಅವಳ ಗಂಡ ಅಲ್ಲೇ ಮಷೀನ್ ಮೆಕ್ಯಾನಿಕ್. ಮಧ್ಯಾಹ್ನದ ಬುತ್ತಿಯನ್ನು ಮಕ್ಕಳ ಕೋಣೆಯಲ್ಲೇ ಬಿಚ್ಚುತ್ತಿದ್ದ. ಎಣ್ಣೆ ಕೈಯಲ್ಲಿ ಕೂಸುಗಳನ್ನು ಎತ್ತಿಕೊಂಡು ಬೈಸಿಕೊಳ್ಳುತ್ತಿದ್ದ. "ಇವಳಿಗೆ ನನಗಿಂತ ಒದ್ದೆ ಚಡ್ಡಿಗಳ ಮೇಲೇ ಪ್ರೀತಿ ಕಣ್ರೋ" ಎಂದು ಮಕ್ಕಳಿಗೇ ದೂರು ಹೇಳುತ್ತಿದ್ದ.

ಆ ಚಳಿಗಾಲ ಕೋಣೆಗೆ ಸೀತಾಳೆ ಸಿಡುಬು ನುಗ್ಗಿತು. ಕಾರ್ಖಾನೆಯದು ಒಂದೇ ಲೆಕ್ಕ. ಗುಳ್ಳೆ ಎದ್ದರೆ ತಾಯಿಗೆ ಐದು ದಿನ ರಜೆ. ಆರನೇ ದಿನ ಮಗು ಚಾಪೆಗೆ, ತಾಯಿ ಮಷೀನಿಗೆ. ಗುಳ್ಳೆ ಒಣಗಿತೋ ಇಲ್ಲವೋ ಎಂದು ಯಾರೂ ಅಂಗಿ ಎತ್ತಿ ನೋಡುತ್ತಿರಲಿಲ್ಲ. ದೊಡ್ಡಮ್ಮನೂ ನೋಡಲಿಲ್ಲ. ಅವಳಿಗೆ ಚಿಕ್ಕಂದಿನಲ್ಲೇ ಬಂದು ಹೋಗಿತ್ತು. ಮಕ್ಕಳಿಗೆ ಬರುವಂಥದು, ತಾನೇ ಹೋಗುತ್ತದೆ ಎಂದುಕೊಂಡಳು. ಆರನೇ ದಿನ ಬಂದ ಒಂದು ಕೂಸು ಗಂಡನ ತೊಡೆಯ ಮೇಲೆ ಕೂತು ಅವನ ತಟ್ಟೆಯಿಂದಲೇ ತಿಂದಿತು.

ಎರಡು ವಾರ ಕಳೆದು ಅವನಿಗೆ ಜ್ವರ. ಮರುದಿನ ಎದೆ ತುಂಬ ಗುಳ್ಳೆ. "ಈ ವಯಸ್ಸಲ್ಲಿ ಪಾಪು ಆಗ್ಬಿಟ್ಟೆ ನೋಡೇ" ಎಂದು ನಕ್ಕ. ನಾಲ್ಕನೇ ದಿನ ಅವನಿಗೆ ಉಸಿರು ಸಿಗಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಹೇಳಿದಳು: "ಮಕ್ಕಳಲ್ಲಿ ಸಾಮಾನ್ಯವಾಗಿ ತಾನೇ ಇಳಿಯುತ್ತೆ. ಚಿಕ್ಕಂದಿನಲ್ಲಿ ಬರದೇ ಇದ್ದ ದೊಡ್ಡವರಿಗೆ ಬಂದ್ರೆ ಶ್ವಾಸಕೋಶಕ್ಕೂ ಹೋಗಬಹುದು. ಬಸುರಿಯರಿಗೂ ಅಪಾಯ. ದಿನ ಎಣಿಸೋದಲ್ಲಮ್ಮ ಇದರಲ್ಲಿ. ಕೊನೇ ಗುಳ್ಳೆನೂ ಒಣಗಿ ಹಕ್ಕಳೆ ಕಟ್ಟೋವರೆಗೂ ಅಂಟುತ್ತೆ."

ಅವನು ಹೋದ ಮೇಲೆ ಜನ ಬಂದು ಹಣೆಬರಹ ಅಂದರು. ಅವಳಿಗೆ ಮೈ ಉರಿಯಿತು. ಹಣೆಬರಹವಂತೆ! ಅದು ಅವನ ಹಣೆಯಲ್ಲಿರಲಿಲ್ಲ, ಒಂದು ಕೂಸಿನ ಹೊಟ್ಟೆಯ ಮೇಲಿತ್ತು. ಅಂಗಿ ಎತ್ತಿದ್ದರೆ ಕಾಣುತ್ತಿತ್ತು.

ತಿಂಗಳ ನಂತರ ಅವಳು ಕೆಲಸಕ್ಕೆ ಮರಳಿದಳು. ಮೊದಲ ಬೆಳಿಗ್ಗೆಯೇ ಶರ್ಟಿನ ಗುಂಡಿಗೆ ಕಾಜಾ ಹೊಲಿಯುವವಳು ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ದೊಡ್ಡಮ್ಮ ಹೊಸ್ತಿಲಲ್ಲೇ ತಡೆದು ಮಗುವಿನ ಫ್ರಾಕ್ ಎತ್ತಿದಳು. ಸೊಂಟದ ಸುತ್ತ ಆರು ಗುಳ್ಳೆ, ಇನ್ನೂ ನೀರು ತುಂಬಿಕೊಂಡಿದ್ದವು.

"ಒಳಗೆ ಬಿಡಲ್ಲ."

"ಇವತ್ತಿಗೆ ಆರನೇ ದಿನ ದೊಡ್ಡಮ್ಮ! ಬೇಕಾದ್ರೆ ಎಣಿಸು."

"ಗುಳ್ಳೆ ನಿನ್ನ ಕ್ಯಾಲೆಂಡರ್ ಓದಲ್ಲ ಕಣೇ."

"ನಂಗೆ ಇನ್ನು ರಜೆ ಇಲ್ಲ. ಗಂಡ ಹೋದ ಸಿಟ್ಟನ್ನ ನನ್ನ ಮಗು ಮೇಲೆ ತೀರಿಸ್ಕೋಬೇಡ."

ದೊಡ್ಡಮ್ಮ ಮಗುವಿನ ಫ್ರಾಕ್ ಕೆಳಗೆಳೆದು ಸರಿಮಾಡಿದಳು. "ಸಿಟ್ಟಿದೆ. ಮಗು ಮೇಲಲ್ಲ. ಕರಿ ಆ ಸೂಪರ್‌ವೈಸರ್‌ನ."

ಕರೆಯಬೇಕಾಗಲಿಲ್ಲ. "ಏನಿದು ಸಂತೆ? ಅಲ್ಲಿ ಲೈನ್ ನಿಂತಿದೆ!" ಎಂದು ಅವನೇ ಬಂದ.

"ಶರ್ಟಲ್ಲಿ ಒಂದು ದಾರ ಜೋತಾಡಿದ್ರೆ ಕೆಂಪು ಬಾಣದ ಸ್ಟಿಕರ್ ಅಂಟಿಸಿ ವಾಪಸ್ ಕಳಿಸ್ತೀರ. ಇಲ್ಲಿ ಆರು ಹಸಿ ಗುಳ್ಳೆ ಇವೆ. ಇದು ಪಾಸಾ?"

"ನಿಯಮ ಐದು ದಿನ ದೊಡ್ಡಮ್ಮ."

"ನಿಮಗೆ ಚಿಕ್ಕಂದಿನಲ್ಲಿ ಬಂದಿತ್ತಾ?"

ಅವನು ತಲೆ ಕೆರೆದ. "ಇಲ್ಲ ಅನ್ಸುತ್ತೆ. ಅಮ್ಮ ಹೇಳಿದ ನೆನಪಿಲ್ಲ."

"ಹಾಗಾದ್ರೆ ಎತ್ಕೊಳಿ ಮಗೂನ."

ಅವನು ಎರಡು ಹೆಜ್ಜೆ ಹಿಂದೆ ಸರಿದು ಬಟ್ಟೆ ತುಂಬಿದ ತಳ್ಳುಗಾಡಿಗೆ ಡಿಕ್ಕಿ ಹೊಡೆದ. ಕಾಜಾದವಳಿಗೆ ಅಷ್ಟು ಕೋಪದಲ್ಲೂ ನಗು ಬಂತು. ದೊಡ್ಡಮ್ಮ ನಗಲಿಲ್ಲ.

"ನೀವು ಸರಿದ್ರಿ. ನನ್ನ ಗಂಡನಿಗೆ ಹಿಂದೆ ಸರಿ ಅಂತ ಯಾರೂ ಹೇಳಲಿಲ್ಲ. ತೋಳಿನ ಕಫ್ ಹೊಲಿಯೋ ಬಸುರಿ ದಿನಾ ಇದೇ ಚಾಪೆ ಮೇಲೆ ಕೂತು ಮಗೂಗೆ ಉಣಿಸ್ತಾಳೆ. ಅವಳಿಗೆ ಯಾರು ಹೇಳ್ತೀರ? ಅವಳು ಹೋದ ಮೇಲೆ ಹೇಳ್ತೀರಾ?"

ಅವನು ಜೇಬಿನಿಂದ ರಜೆ ಚೀಟಿ ತೆಗೆದ. "ಇನ್ನೆಷ್ಟು ದಿನ ಬರೀಲಿ?"

"ದಿನ ಬರೀಬೇಡಿ. ಎಲ್ಲ ಒಣಗೋವರೆಗೂ ಅಂತ ಬರೀರಿ."

"ಅದಕ್ಕೆ ಚೀಟೀಲಿ ಜಾಗ ಇಲ್ಲ."

"ಅಂಚಲ್ಲಿ ಬರೀರಿ. ನನ್ನ ಗಂಡ ಸತ್ತಿದ್ದಕ್ಕೂ ನಿಮ್ಮ ಚೀಟೀಲಿ ಜಾಗ ಇರಲಿಲ್ಲ."

ಅವನು ಅಂಚಿನಲ್ಲಿ ಬರೆದ. ಕಾಜಾದವಳು ಚೀಟಿ ಕಿತ್ತುಕೊಂಡು, "ದಾರಕ್ಕೆ ನೇತು ಹಾಕಿ ಒಣಗಿಸ್ಕೊಂಡು ಬರ್ತೀನಿ ಬಿಡು ತಾಯಿ" ಎಂದು ಮೂತಿ ತಿರುಗಿಸಿ ಹೊರಟಳು.

"ಉಗುರು ಕತ್ತರಿಸು! ಕೆರ್ಕೊಳ್ಳೋಕೆ ಬಿಡಬೇಡ!" ದೊಡ್ಡಮ್ಮ ಹಿಂದಿನಿಂದ ಕೂಗಿದಳು. ಬೈದಂತೆಯೇ ಕೇಳಿಸಿತು. ಕಾಜಾದವಳು ತಿರುಗಿ ನೋಡಲಿಲ್ಲ.

ದೊಡ್ಡಮ್ಮ ಒಳಗೆ ಬಂದು ಉಳಿದ ಹತ್ತು ಮಕ್ಕಳನ್ನು ಬೆಳಕಿಗೆ ಸಾಲಾಗಿ ನಿಲ್ಲಿಸಿದಳು. ಒಂದೊಂದೇ ಅಂಗಿ ಎತ್ತತೊಡಗಿದಳು.